ಮೂರು ಕಡೆ ಬರೆದದ್ದು

ಸುರಪುರದಿಂದ ಷಹಾಪುರಕ್ಕೆ ಹೊರಟ ಎಂಟೂವರೆಯ ಬಸ್ಸಿನಲ್ಲಿ ಬುದ್ಧಪ್ರಿಯ ಹಳದಿ ಆ್ಯಪಿನಲ್ಲಿದ್ದ ಕೆಲಸಗಳನ್ನು ಒಂದೊಂದಾಗಿ ನೀಲಿ ಆ್ಯಪಿಗೆ ಸಾಗಿಸುತ್ತಿದ್ದ. ಅವುಗಳಿಗೆ ಬೇರೆ ಹೆಸರುಗಳಿದ್ದರೂ ಅವನು ಬಣ್ಣದಿಂದಲೇ ಗುರುತಿಸುತ್ತಿದ್ದ. ಹಳದಿಯದು ಗೋಡೆಗೆ ಅಂಟಿಸಿದ ಚೀಟಿಯಂತೆ. ಬರೆದರೆ ಬರೆದಲ್ಲೇ ಬಿದ್ದಿರುತ್ತದೆ, ಯಾರನ್ನೂ ಕೂಗುವುದಿಲ್ಲ. ನೀಲಿಯದು ಕೂಗುತ್ತದೆ, ಹೊತ್ತಿಗೆ ಸರಿಯಾಗಿ ಗಂಟೆ ಬಾರಿಸುತ್ತದೆ, ಮುಗಿಯಿತೆಂದು ಒತ್ತಿದರೆ ಕೆಲಸದ ಮೇಲೆ ಗೆರೆ ಎಳೆದು ಕಣ್ಣಿಗೆ ಕಾಣದಂತೆ ಮಾಡುತ್ತದೆ. ಕಪ್ಪಿನದು ಒಂದು ಊರಿನಷ್ಟು ದೊಡ್ಡದು. ಕೋಷ್ಟಕ, ಕ್ಯಾಲೆಂಡರು, ಕಾಗದಗಳ ಫೋಟೊ, ಪುಟದೊಳಗೆ ಪುಟ, ಎಲ್ಲವನ್ನೂ ಅದರಲ್ಲಿ ಕಟ್ಟಬಹುದು, ಆದರೆ ಕಟ್ಟುವವನು ತಾನೇ ಆಗಬೇಕು. ಅದನ್ನು ಕಲಿಯಲು ಅವನು ಸುರಪುರದ ರಂಗಂಪೇಟೆಯ ಬಾಡಿಗೆ ಕೋಣೆಯಲ್ಲಿ ಹನ್ನೆರಡು ಸಂಜೆ ವೀಡಿಯೊ ನೋಡಿದ್ದ. ವೀಡಿಯೊದ ಹುಡುಗರು ಇದು ನಿಮ್ಮ ಎರಡನೆಯ ಮಿದುಳು ಎನ್ನುತ್ತಿದ್ದರು. ಅವರ ಮೇಜಿನ ಮೇಲೆ ಒಂದು ಸಣ್ಣ ಗಿಡ, ಒಂದು ಕಾಫಿ ಲೋಟ, ಒಂದು ಲ್ಯಾಪ್‌ಟಾಪು ಬಿಟ್ಟರೆ ಏನೂ ಇರುತ್ತಿರಲಿಲ್ಲ. ಇಷ್ಟು ಕಡಿಮೆ ಸಾಮಾನಿರುವವನಿಗೆ ಎರಡನೆಯ ಮಿದುಳು ಯಾಕೆ ಬೇಕು ಎಂದು ಅವನಿಗೆ ಅನ್ನಿಸಿತ್ತು, ಆದರೂ ನೋಡಿದ್ದ. ಈ ಪಟ್ಟಿಯನ್ನು ಯಾರೊಂದಿಗೆ ಹಂಚಿಕೊಳ್ಳುತ್ತೀರಿ ಎಂದು ಕಪ್ಪು ಆ್ಯಪು ಕೇಳಿದಾಗ ಬಹಳ ಹೊತ್ತು ಯೋಚಿಸಿ, ಕೊನೆಗೆ ತನ್ನದೇ ಹೆಸರಿನಲ್ಲಿ ಇನ್ನೊಂದು ಖಾತೆ ತೆರೆದು ಅದರೊಂದಿಗೆ ಹಂಚಿಕೊಂಡಿದ್ದ. ಮರುಕ್ಷಣ ಫೋನು ನಡುಗಿತ್ತು: ಬುದ್ಧಪ್ರಿಯ ನಿಮಗೆ ಒಂದು ಕೆಲಸ ಒಪ್ಪಿಸಿದ್ದಾರೆ. ಆ ದಿನ ಅವನಿಗೆ ಬಂದ ಸಂದೇಶ ಅದೊಂದೇ.

ಇದು ಅವನಾಗಿಯೇ ಹಚ್ಚಿಕೊಂಡ ಗೀಳಲ್ಲ. ಷಹಾಪುರದ ಖಾಸಗಿ ಪದವಿ ಕಾಲೇಜೊಂದರಲ್ಲಿ ಅವನು ಗುಮಾಸ್ತ. ಪ್ರಿನ್ಸಿಪಾಲ್ ನಾಗರತ್ನಾ ಮೇಡಂ ಈ ತಿಂಗಳ ಹತ್ತನೆಯ ತಾರೀಕು ಅವನನ್ನು ಕರೆದು, "ಇನ್ನ ಆಫೀಸಿನ ಕೆಲಸೆಲ್ಲ ಫೋನಿನ್ಯಾಗ ಆಗಬೇಕ್ರಿ. ಯಾವ ಆ್ಯಪ್ ಚಲೋ ಅಂತ ನೀವ ನೋಡಿ ಹೇಳ್ರಿ, ಓದಿದವರಿದ್ದೀರಿ," ಎಂದಿದ್ದರು. ಅದೇ ದಿನ ಜಾವಕ ಪುಸ್ತಕ ಬಂದ್ ಆಯಿತು. ಕಾಲೇಜಿನಿಂದ ಹೊರಗೆ ಹೋಗುವ ಪ್ರತಿ ಕಾಗದಕ್ಕೂ ನಂಬರು ಹಾಕಿ ಬರೆಯುತ್ತಿದ್ದ ಆ ಕೆಂಪು ರಟ್ಟಿನ ಪುಸ್ತಕವನ್ನು ಮೇಡಂ ತಾವೇ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಓದಿದವರು ಎಂಬ ಮಾತನ್ನು ಅವನು ಆ ಸಂಜೆಯೆಲ್ಲ ಒಳಗೇ ಇಟ್ಟುಕೊಂಡು ತಿರುಗಾಡಿದ್ದ; ಅದರಲ್ಲಿ ಹೊಗಳಿಕೆ ಎಷ್ಟು, ನಿಮ್ಮವರಲ್ಲಿ ಓದಿದವರು ಎಂಬುದೆಷ್ಟು ಎಂದು ತೂಗಿದ್ದ. ಆಮೇಲೆ ಕೋಷ್ಟಕ ಮಾಡಲು ಕುಳಿತಿದ್ದ. ಕನ್ನಡ ಸರಿಯಾಗಿ ಮೂಡುತ್ತದೆಯೇ, ನೆಟ್ ಇಲ್ಲದಾಗ ತೆರೆಯುತ್ತದೆಯೇ, ಗಂಟೆ ಬಾರಿಸುತ್ತದೆಯೇ, ಫೋನು ಕಳೆದರೆ ಬರೆದದ್ದು ಉಳಿಯುತ್ತದೆಯೇ. ಮೂರನ್ನೂ ಸಮನಾಗಿ ಪರೀಕ್ಷಿಸಬೇಕೆಂದು ಪ್ರತಿ ಕೆಲಸವನ್ನೂ ಮೂರು ಕಡೆ ಬರೆಯತೊಡಗಿದ್ದ. ಪರಿಮಳಾಗೆ ಫೋನು ಮಾಡುವುದು ಎಂಬುದನ್ನೂ ಮೂರು ಕಡೆ ಬರೆದಿದ್ದ. ಪರಿಮಳಾ ಗುರುಮಠಕಲ್‌ಗೆ ಕೊಟ್ಟ ತಂಗಿ. ಅವಳ ಮಕ್ಕಳು ತೆಲುಗಿನಲ್ಲಿ ನಗುತ್ತಾ ಫೋನು ಕಸಿದುಕೊಂಡು ಇವನಿಗೆ ಅರ್ಥವಾಗದ ಏನನ್ನೋ ಹೇಳಿ ಓಡಿಹೋಗುತ್ತಿದ್ದವು. ನೀಲಿ ಆ್ಯಪು ಆ ಸಾಲನ್ನು ಕೆಂಪಗೆ ಮಾಡಿ ಹದಿನೇಳು ದಿನ ತಡ ಎಂದು ತೋರಿಸುತ್ತಿತ್ತು.

ಹತ್ತಿಗೂಡೂರು ದಾಟಿತು. ಕಾಲುವೆ ನೀರು ಸಿಕ್ಕ ಹೊಲ ಹಸಿರು, ಸಿಗದ ಹೊಲ ಕಪ್ಪು. ನಡುವೆ ಬದುವಿನ ಒಂದು ಗೆರೆ ಅಷ್ಟೆ. ಹಾಸ್ಟೆಲಿನಲ್ಲಿ ಎಂಟನೆಯ ತರಗತಿಗೆ ಬಂದ ಜೂನ್ ತಿಂಗಳಲ್ಲಿ ಹಳೆಯ ಹಾಜರಿ ಪುಸ್ತಕದಿಂದ ಹೊಸದಕ್ಕೆ ಹೆಸರು ಇಳಿಸುವಾಗ ಅವನದೊಂದು ಹೆಸರು ಬಿಟ್ಟುಹೋಗಿತ್ತು. ಅವನು ಅಲ್ಲೇ ಇದ್ದ, ಚಾಪೆ ಇತ್ತು, ಟ್ರಂಕು ಇತ್ತು, ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದ. ಪಟ್ಟಿಯಾಗ ಇಲ್ಲಲ್ಲೋ ನೀ, ಎಂದು ವಾರ್ಡನ್ ಬೆರಳನ್ನು ಮೇಲಿಂದ ಕೆಳಕ್ಕೆ ಎರಡು ಸಲ ಇಳಿಸಿದ್ದ. ಹನ್ನೊಂದು ದಿನ ಬೇರೆಯವರ ತಟ್ಟೆಯಲ್ಲಿ ಉಂಡಿದ್ದ. ಉಣ್ಣಲು ಕರೆದ ಹುಡುಗರೇ ಆಮೇಲೆ ಅವನಿಗೆ ಪಾವಣಾ ಎಂದು ಹೆಸರಿಟ್ಟರು. ನೆಂಟ ಎಂಬ ಆ ಹೆಸರು ಹತ್ತನೆಯ ತರಗತಿ ಮುಗಿಯುವವರೆಗೂ ಅಂಟಿಕೊಂಡಿತ್ತು. ಆ ದಿನಗಳಲ್ಲಿ ಅವನು ಹಾಸ್ಟೆಲಿನ ಲೈಬ್ರರಿಯಲ್ಲಿ ಕುಳಿತು ಪುಸ್ತಕಗಳ ಕೊನೆಯ ಪುಟದಲ್ಲಿ ತನ್ನ ಹೆಸರು ಬರೆದಿಡುತ್ತಿದ್ದ. ಈಗ ಬಸ್ಸಿನಲ್ಲಿ ಅವನ ಬೆರಳು ಹಳದಿ ಆ್ಯಪಿನ ಕೊನೆಯ ಚೀಟಿಗೆ ಬಂತು. ಮರಿಲಿಂಗಮ್ಮ, ಲಿಪಿಕಾರರ ಅರ್ಜಿ, ಇಪ್ಪತ್ತನೆಯ ತಾರೀಕಿನೊಳಗೆ ಕಳಿಸು.

ಅವನು ಅದನ್ನು ನೀಲಿಯಲ್ಲಿ ಹುಡುಕಿದ. ಗೆರೆ ಎಳೆದವುಗಳ ನಡುವೆ ಇತ್ತು. ಹದಿನೆಂಟರಂದು ಗಂಟೆ ಬಾರಿಸಿದಾಗ ಅವನು ಪರೀಕ್ಷಾ ಶುಲ್ಕದ ಸಾಲಿನ ಮುಂದಿದ್ದ. ಕಪ್ಪಿನಲ್ಲಿ ವಿವರವಾಗಿ ಬರೆದಿದ್ದೇನಲ್ಲ ಎಂದು ಗಂಟೆ ನಿಲ್ಲಿಸಲು ಮುಗಿಯಿತು ಎಂದು ಒತ್ತಿದ್ದ. ಕಪ್ಪಿನಲ್ಲಿ ಹುಡುಕಿದ. ಅಲ್ಲಿ ಅರ್ಜಿಯ ಫೋಟೊ, ವೈದ್ಯರ ಪ್ರಮಾಣಪತ್ರದ ಫೋಟೊ, ಬರೆಯಲು ಒಪ್ಪಿದ ಪಿಯುಸಿ ಹುಡುಗಿ ಕಸ್ತೂರಿಯ ಗುರುತಿನ ಚೀಟಿಯ ಫೋಟೊ, ಎಲ್ಲವೂ ಅಚ್ಚುಕಟ್ಟಾಗಿ 'ನಡೆಯುತ್ತಿದೆ' ಎಂಬ ಹಸಿರು ಪಟ್ಟಿಯ ಕೆಳಗಿದ್ದವು. ನಡೆಯುತ್ತಿರಲಿಲ್ಲ. ಕೈ ತಾನಾಗಿ ಬ್ಯಾಗಿನ ಹಿಂದಿನ ಜೇಬಿಗೆ ಹೋಯಿತು. ಮೂಲ ಕಾಗದಗಳು ಅಲ್ಲಿದ್ದವು, ಪ್ಲಾಸ್ಟಿಕ್ ಹಾಳೆಯಲ್ಲಿ, ಮಡಿಕೆ ಕೂಡ ಇಲ್ಲದೆ. ಇಪ್ಪತ್ತು ದಿನ ಅವನು ಅವನ್ನು ಬೆನ್ನಿಗೆ ಹಾಕಿಕೊಂಡು ಸುರಪುರಕ್ಕೂ ಷಹಾಪುರಕ್ಕೂ ತಿರುಗಿದ್ದ. ಮರಿಲಿಂಗಮ್ಮ ಹುಣಸಗಿಯ ಹುಡುಗಿ, ಬಿ.ಎ. ಎರಡನೆಯ ವರ್ಷ, ಕಣ್ಣು ಕಾಣಿಸುವುದಿಲ್ಲ. ಅವಳು ಹೇಳಿದ್ದನ್ನು ಪರೀಕ್ಷೆಯಲ್ಲಿ ಬರೆಯುವ ಲಿಪಿಕಾರರಿಗೆ ಪ್ರತಿ ಸೆಮಿಸ್ಟರಿಗೂ ಕಲಬುರಗಿಯ ವಿಶ್ವವಿದ್ಯಾಲಯದ ಒಪ್ಪಿಗೆ ಬೇಕು. ಇವತ್ತು ಸೋಮವಾರ. ಪರೀಕ್ಷೆ ಬುಧವಾರ.

ಆಫೀಸಿನಲ್ಲಿ ಜವಾನ ಅಯ್ಯಪ್ಪ ಕಿಟಕಿಯ ಕೆಳಗೆ ಕುಳಿತು ತನ್ನ ತಂತಿ ಸರಿಮಾಡುತ್ತಿದ್ದ. ಟಪಾಲು ತೆಗೆದುಕೊಂಡು ಕಲಬುರಗಿಗೋ ಯಾದಗಿರಿಗೋ ಹೋಗಿಬಂದಾಗಲೆಲ್ಲ ಬಸ್ಸಿನ ಟಿಕೆಟನ್ನು ಬಾಗಿಸಿದ ಒಂದು ತಂತಿಗೆ ಚುಚ್ಚಿಡುವುದು ಅವನ ಪದ್ಧತಿ. ಮಶೀನಿನ ಟಿಕೆಟಿನ ಅಕ್ಷರ ಐದಾರು ತಿಂಗಳಲ್ಲಿ ಹಾರಿಹೋಗುತ್ತದೆ, ಹಾಗಾಗಿ ತಂತಿಯ ಮುಕ್ಕಾಲು ಭಾಗ ಬರೀ ಬಿಳಿ ಕಾಗದ. ಆದರೆ ಅಯ್ಯಪ್ಪ ಬೆರಳಿಟ್ಟು, ಇದು ಗಣೇಶನ ಹಬ್ಬಕ್ಕ ಮೊದಲಿಂದು, ಇದು ಬಸ್ಸಿನ್ಯಾಗ ವಾಂತಿ ಆದದ್ದು, ಎಂದು ಹೇಳಬಲ್ಲವನಾಗಿದ್ದ. ಜನ ಇದ್ದಾಗ ಅವನು ಬುದ್ಧಪ್ರಿಯನನ್ನು ಸರ್ ಎನ್ನುತ್ತಿದ್ದ. ಇಲ್ಲದಾಗ ಬುದ್ಧಾ.

"ಬಾ ಬುದ್ಧಾ. ಯಾವ ಬಣ್ಣದ್ದು ಗೆದ್ದೀತು ಇವತ್ತ?"

"ಇನ್ನೂ ಇಲ್ಲ ಕಾಕಾ."

"ನೋಡು ನಂದು. ಚಾರ್ಜ್ ಬ್ಯಾಡ, ನೆಟ್ ಬ್ಯಾಡ. ಇಲಿ ಒಂದು ಕಡೀಬಾರದು ಅಷ್ಟ." ಅಯ್ಯಪ್ಪ ನಕ್ಕ. ಅವನ ನಗುವಿನಲ್ಲಿ ಒಂದು ಬಗೆಯ ಹೆಮ್ಮೆ ಇತ್ತು, ತಂತಿಯ ಬಗ್ಗೆ ಅಲ್ಲ. ಈ ಕಾಲೇಜಿಗೆ ಬುದ್ಧಪ್ರಿಯ ಬಂದ ದಿನ ಅಯ್ಯಪ್ಪ ಚಹಾದ ಅಂಗಡಿಯ ದಾವಲಬೀಗೆ, ನಮ್ಮ ಹುಡುಗ ಕುರ್ಚಿ ಮ್ಯಾಲ ಕುಂತಾನ, ಅವಗ ಸಕ್ಕರಿ ಜಾಸ್ತಿ ಹಾಕು, ಎಂದು ಹೇಳಿದ್ದು ಬುದ್ಧಪ್ರಿಯನ ಕಿವಿಗೆ ಬಿದ್ದಿತ್ತು. ಅಂದಿನಿಂದ ಆ ಚಹಾ ಅವನಿಗೆ ಬೇಕಾದ್ದಕ್ಕಿಂತ ಸಿಹಿಯಾಗಿತ್ತು, ಮತ್ತು ಅವನು ಅದನ್ನು ಎಂದೂ ಹೇಳಿರಲಿಲ್ಲ. ಈಗ ಹೇಳಬೇಕು ಎಂದುಕೊಂಡ. ಕಾಕಾ, ಒಂದು ಗಲತ್ ಆಗ್ಯದ. ಮಾತು ಹಲ್ಲಿನವರೆಗೆ ಬಂತು. ಮೊದಲು ಮೇಡಂಗೆ ಹೇಳುವುದು ಸರಿ, ಅದು ಕ್ರಮ, ಎಂದು ಒಳಗಿನ ಇನ್ನೊಬ್ಬ ಬುದ್ಧಪ್ರಿಯ ಹೇಳಿದ. ಅಷ್ಟರಲ್ಲಿ ಹೊರಗೆ ಬಿಳಿ ಕೋಲು ಮೆಟ್ಟಿಲಿಗೆ ತಾಗುವ ಸದ್ದು, ಒಂದು, ಎರಡು, ಮೂರು. ಆ ಮೂರು ಮೆಟ್ಟಿಲು ಹತ್ತಿ ಮರಿಲಿಂಗಮ್ಮ ಬಾಗಿಲಲ್ಲಿ ನಿಂತು, "ಸರ್ ಬಂದೀರೇನ್ರಿ? ಒಪ್ಪಿಗಿ ಕಾಗದ ಬಂತೇನ್ರಿ?" ಎಂದಳು.

ಒಪ್ಪಿಗೆ ಬಂದಿಲ್ಲ ಎಂದಷ್ಟೇ ಹೇಳಿ ಅವಳನ್ನು ಕರೆದುಕೊಂಡು ಹೋದ ಮೇಲೆ ಮೇಡಂ ಕೋಣೆಯಲ್ಲಿ ಎಲ್ಲ ಬೇಗ ನಡೆಯಿತು. ಅವರು ಹನ್ನೊಂದಕ್ಕೆ ಯಾದಗಿರಿಯ ಸಭೆಗೆ ಹೋಗಬೇಕಾಗಿತ್ತು, ಕಾರು ಆಗಲೇ ಅಂಗಳದಲ್ಲಿ ನಿಂತಿತ್ತು. ವಿಶ್ವವಿದ್ಯಾಲಯಕ್ಕೆ ಫೋನು ಹಚ್ಚಿ ಎಲ್ಲರಿಗೂ ಕೇಳಿಸುವಂತೆ ಮೇಜಿನ ಮೇಲಿಟ್ಟರು. "ನಿಮ್ಮ ಕಾಲೇಜಿಂದ ಅರ್ಜಿನ ಬಂದಿಲ್ರಿ ಮೇಡಂ," ಎಂದಿತು ಅತ್ತಲಿನ ದನಿ. "ಇವತ್ತ ನಾಲ್ಕರೊಳಗ ಅರ್ಜಿ ಮುಟ್ಟಿಸ್ರಿ, ಒಪ್ಪಿಗಿ ಕೊಡಸ್ತೀನಿ, ಪಾಪ ಹುಡುಗಿ. ಆದ್ರ ತಡ ಯಾರಿಂದ ಆತು ಅಂತ ಹೆಸರು ಹಾಕಿ ಸಮಜಾಯಿಷಿ ಬೇಕು. ಕಣ್ತಪ್ಪಿನಿಂದ ಅಂತ ಬರದು ಕಳಿಸಬ್ಯಾಡ್ರಿ, ಸಾಹೇಬರು ಒಪ್ಪಂಗಿಲ್ಲ."

ಮೇಡಂ ಫೋನು ಇಟ್ಟು ಮರಿಲಿಂಗಮ್ಮನ ಕಡೆ ತಿರುಗಿದರು. "ಅರ್ಜಿ ಯಾರ ಕಡೆ ಕೊಟ್ಟಿದ್ದಿ?"

"ಬುದ್ಧಪ್ರಿಯ ಸರ್ ಕಡೆ ರಿ. ಹನ್ನೊಂದನೇ ತಾರೀಕು, ಮಂಗಳವಾರ, ಮಧ್ಯಾಹ್ನ. ಸರ್ ಚಹಾ ಕುಡಿಯಾಕತ್ತಿದ್ರು."

"ಬರಕೊಂಡ್ರಿಲ್ಲೋ?"

"ಮೂರು ಸಲ ಬರಕೊಂಡ್ರು ರಿ. ಫೋನ್ ಕುಟ್ಟೂ ಸಪ್ಪಳ ಮೂರು ಸಲ ಕೇಳೀನಿ. ಫೋಟೊ ಹೊಡದದ್ದೂ ಕೇಳೀನಿ."

"ನೋಡ್ರಿ," ಎಂದರು ಮೇಡಂ, ಬುದ್ಧಪ್ರಿಯನಿಗೆ ಅಲ್ಲ, ಕೋಣೆಗೆ. "ಮೂರು ಸಲ ಬರಕೊಳ್ಳೋ ಮನುಷ್ಯ ಮರೀತಾನೇನು? ಅಯ್ಯಪ್ಪಾ!"

ಬುದ್ಧಪ್ರಿಯ ಬಾಯಿ ತೆರೆದ. ಅಯ್ಯಪ್ಪ ಆಗಲೇ ತಂತಿ ಹಿಡಿದುಕೊಂಡು ಒಳಗೆ ಬಂದಿದ್ದ. ಟಪಾಲು ಒಯ್ದ ಹದಿನಾಲ್ಕರ ಕಲಬುರಗಿ ಟಿಕೆಟು ಇನ್ನೂ ಓದಲು ಬರುತ್ತಿತ್ತು. ಹೋಗಿದ್ದೆನ್ರಿ, ಎಂದ. ಎಷ್ಟು ಲಕೋಟೆ ಇದ್ದವು ಎಂದು ಮೇಡಂ ಕೇಳಿದರು. ಐದು, ಎಂದ. ಆಮೇಲೆ ಮೇಡಂ ಮುಖ ನೋಡಿ, "ಆರು ಇದ್ದುವೇನೋ ರಿ," ಎಂದ. ಮುಟ್ಟಿದ್ದಕ್ಕೆ ಸಹಿ ಎಷ್ಟಕ್ಕೆ ಸಿಕ್ಕಿತು? ಐದಕ್ಕೆ. ಹಾಗಾದರೆ ಆರನೆಯದು ಎಲ್ಲಿ? ಅಯ್ಯಪ್ಪ ತಲೆ ತಗ್ಗಿಸಿ ತಂತಿಯನ್ನು ನೋಡುತ್ತಾ ನಿಂತ. ಇಲ್ಲದ ಒಂದು ಲಕೋಟೆ ಆ ಮನುಷ್ಯನೊಳಗೆ ಹುಟ್ಟುವುದನ್ನು ಬುದ್ಧಪ್ರಿಯ ಕಣ್ಣಾರೆ ಕಂಡ. ಮೊದಲು ಅದಕ್ಕೆ ಬಣ್ಣ ಬಂತು. "ಖಾಕಿ ಲಕೋಟಿ ಇತ್ತೇನ್ರಿ ಅದು? ಹೌದ್ರಿ, ಖಾಕಿ ಒಂದಿತ್ತು." ಆಮೇಲೆ ಜಾಗ ಬಂತು. "ಜೇವರ್ಗಿಯಾಗ ಬಸ್ ಕೆಟ್ಟಿತ್ರಿ. ಬ್ಯಾರೆ ಬಸ್ಸಿಗಿ ಹತ್ತೂ ಗಡಿಬಿಡಿಯಾಗ ಅಲ್ಲೇ ಬಿದ್ದಿರಬೇಕ್ರಿ. ನಂದ ತಪ್ಪು. ಮಾಫಿ ಮಾಡ್ರಿ." ಅಷ್ಟು ಹೇಳಿ ಅವನು ಹಗುರಾದವನಂತೆ ಉಸಿರುಬಿಟ್ಟ. ಅರವತ್ತರ ಹತ್ತಿರ ಬಂದ ಆ ಮನುಷ್ಯನಿಗೆ ತಪ್ಪು ಯಾರದೆಂದು ಹುಡುಕುವ ಹೊತ್ತಿಗಿಂತ ತನ್ನದೆಂದು ಒಪ್ಪುವ ಹೊತ್ತು ಸುಲಭವಾಗಿತ್ತು. ಅದು ಅವನಿಗೆ ಗೊತ್ತಿದ್ದ ದಾರಿ.

"ಅರ್ಜಿ ಮತ್ತ ಮಾಡಿಸೂದಕ್ಕ ಟೈಮಿಲ್ಲ," ಎಂದರು ಮೇಡಂ. "ನನ್ನ ಫೋನಿನ್ಯಾಗ ಫೋಟೊ ಅದಾವ್ರಿ," ಎಂದಿತು ಬುದ್ಧಪ್ರಿಯನ ಬಾಯಿ. ಮೇಡಂ ಮುಖ ಅರಳಿತು. "ಅದಕ್ಕ ನಾ ಆ್ಯಪ್ ಬೇಕು ಅಂತ ಬಡಕೊಳ್ಳೂದು!" ಅವನ ಬೆನ್ನಿಗೆ ಬ್ಯಾಗು ತೂಗುತ್ತಿತ್ತು. ಅದರ ಹಿಂದಿನ ಜೇಬು ಗೋಡೆಗೆ ತಾಗದಂತೆ ಅವನು ಸ್ವಲ್ಪ ಮುಂದೆ ಸರಿದ.

ಹೊರಡುವ ಮುನ್ನ ಮೇಡಂ ಸಹಿ ಮಾಡಿದ ಎರಡು ಖಾಲಿ ಲೆಟರ್‌ಹೆಡ್ ಕೊಟ್ಟರು. ಅವಸರದ ದಿನಗಳಲ್ಲಿ ಅದು ಅಲ್ಲಿ ನಡೆದುಬಂದ ಪದ್ಧತಿ. "ಸಮಜಾಯಿಷಿ ಅಯ್ಯಪ್ಪನ ಹೆಸರಿಲೆ ಬರೀರಿ. ನಾನು ಅಂತನ ಬರೀರಿ. ಅವನ ಸಹಿ ತಗೊಂಡು ಅವನ ಕೈಯಾಗ ಕೊಟ್ಟು ಕಳಸ್ರಿ. ಮುಂದಿನ ತಿಂಗಳ ಮ್ಯಾನೇಜಮೆಂಟಿನವರು ಅವನ ಬಗ್ಗೆ ವಿಚಾರ ಮಾಡ್ತಾರ, ಹಂಗೂ ವಯಸ್ಸಾತು, ಬಿಡಸ್ತಾರ. ನೀವು ಸಂಜಿಗಿ ನನಗ ಆ್ಯಪಿನ ಹೆಸರು ಹೇಳ್ರಿ. ಆ ಗುಡ್ಡದ ಮ್ಯಾಲ ಒಬ್ಬ ಬುದ್ಧ ಮಲಗಿದ್ದು ಸಾಕು." ಊರ ಹೊರಗಿನ ಗುಡ್ಡದ ಸಾಲು ದೂರದಿಂದ ಮಲಗಿದ ಬುದ್ಧನಂತೆ ಕಾಣುತ್ತದೆ, ಷಹಾಪುರದಲ್ಲಿ ಬುದ್ಧಪ್ರಿಯನಿಗೆ ಪರಿಚಯವಾದ ಪ್ರತಿಯೊಬ್ಬರೂ ಒಂದಲ್ಲ ಒಂದು ದಿನ ಆ ಮಾತನ್ನು ಆಡಿದ್ದರು. ಅವನು ಪ್ರತಿಸಲದಂತೆ ನಕ್ಕ.

ಕಂಪ್ಯೂಟರಿನ ಮುಂದೆ ಕುಳಿತು ನಾನು ಎಂದು ಹೊಡೆದ. ಆ ಒಂದು ಪದ ಪರದೆಯ ಮೇಲೆ ನಿಂತು ಮುಂದಿನದಕ್ಕೆ ಕಾಯಿತು. ನಾನು ಹದಿನಾಲ್ಕನೆಯ ತಾರೀಕು. ಅಳಿಸಿದ. ಬ್ಯಾಗಿನಿಂದ ಕಾಗದಗಳನ್ನು ತೆಗೆದು ಪಕ್ಕದಲ್ಲಿಟ್ಟುಕೊಂಡ. ಅವು ಬೆನ್ನಿನ ಬಿಸಿಗೆ ಇನ್ನೂ ಬೆಚ್ಚಗಿದ್ದವು. ನಾನು ಹನ್ನೊಂದನೆಯ ತಾರೀಕು ಸದರಿ ಅರ್ಜಿಯನ್ನು ಪಡೆದು, ನನ್ನ ಫೋನಿನಲ್ಲಿ ಮೂರು ಕಡೆ ಬರೆದಿಟ್ಟುಕೊಂಡು, ಒಂದು ಕಡೆ ಬರೆದದ್ದನ್ನು ಇನ್ನೊಂದು ನೆನಪಿಸುತ್ತದೆಂದು ತಿಳಿದು, ಮೂಲ ಕಾಗದಗಳನ್ನು ನನ್ನ ಬ್ಯಾಗಿನಲ್ಲೇ ಉಳಿಸಿಕೊಂಡು ಕಳುಹಿಸಲಿಲ್ಲ. ಹೊಡೆಯುತ್ತಾ ಹೋದಂತೆ ವಾಕ್ಯ ಸುಲಭವಾಯಿತು. ಇಷ್ಟು ಚೆನ್ನಾಗಿ ಅವನು ಎಂದೂ ಕರಡು ಬರೆದಿರಲಿಲ್ಲ. ಇಲ್ಲದ ಲಕೋಟೆ, ಕೆಟ್ಟ ಬಸ್ಸು ಯಾವುದೂ ಬೇಕಾಗಲಿಲ್ಲ. ಕೊನೆಗೆ ಹೆಸರಿನ ಜಾಗ ಬಂತು. ಅಯ್ಯಪ್ಪ ಎಂದು ಹೊಡೆದರೂ ಈ ಕಾಗದ ನಡೆಯುತ್ತದಲ್ಲ ಎಂಬ ಯೋಚನೆ ಬಂತು. ಜವಾನನಿಗೆ ಫೋನಿನಲ್ಲಿ ಮೂರು ಕಡೆ ಬರೆಯುವ ಅಭ್ಯಾಸವಿದೆಯೇ ಎಂದು ಕಲಬುರಗಿಯಲ್ಲಿ ಯಾರು ಕೇಳುತ್ತಾರೆ? ಹಾಗೆ ಯೋಚಿಸಿದ್ದಕ್ಕೆ ಅವನಿಗೆ ತನ್ನ ಬಗ್ಗೆ ಅಸಹ್ಯವೇನೂ ಆಗಲಿಲ್ಲ. ಆಗದಿದ್ದುದೇ ಅವನಿಗೆ ಹೆದರಿಕೆ ಹುಟ್ಟಿಸಿತು. ತನ್ನ ಹೆಸರು ಹೊಡೆದು, ಮುದ್ರಿಸಿ, ಸಹಿ ಮಾಡಿ, ಮೂಲ ಕಾಗದಗಳ ಜೊತೆ ಲಕೋಟೆಗೆ ಹಾಕಿ, ಅಂಟು ಹಚ್ಚಿದ. ಹೇಳುವುದಕ್ಕಿಂತ ಬರೆಯುವುದು ಸುಲಭ, ಬರೆದದ್ದನ್ನು ಮುಚ್ಚಿಡುವುದು ಇನ್ನೂ ಸುಲಭ.

ಅಯ್ಯಪ್ಪ ತಲೆಗೆ ಟವೆಲು ಸುತ್ತಿಕೊಂಡು ಬಂದ. "ಎಲ್ಲಿ ಸಹಿ ಮಾಡ್ಲಿ?"

"ಬ್ಯಾಡ ಕಾಕಾ. ನಾ ಮಾಡೀನಿ."

"ನನ್ನ ಸಹಿ ನೀ ಮಾಡಿದೇನು?" ಅಯ್ಯಪ್ಪ ಅವನನ್ನೇ ನೋಡಿದ. ಆಮೇಲೆ ಹುಬ್ಬು ಏರಿಸಿ ನಕ್ಕ. "ಚಲೋ ಮಾಡಿದಿ ಬಿಡು. ನಂದು ಇರವಿ ಹರದಂಗ ಇರ್ತದ. ನೀ ಬರದದ್ದು ಚೆಂದ ಇರ್ತದ. ಭಾಳ ಬೈದು ಬರದಿಲ್ಲ ಹೌದಿಲ್ಲೋ?"

ಬುದ್ಧಪ್ರಿಯ ಇಲ್ಲ ಎಂದು ತಲೆ ಅಲ್ಲಾಡಿಸಿದ. ಅಯ್ಯಪ್ಪ ಲಕೋಟೆಯನ್ನು ಅಂಗಿಯ ಒಳಗೆ, ಬನಿಯನ್ನಿಗೆ ತಾಗಿಸಿ ಇಟ್ಟುಕೊಂಡು ಗುಂಡಿ ಹಾಕಿದ. ಈ ಸಲ ಬೀಳಂಗಿಲ್ಲ ನೋಡು, ಎಂದು ಎದೆ ತಟ್ಟಿ ತೋರಿಸಿ ಮೆಟ್ಟಿಲು ಇಳಿದುಹೋದ. ಹನ್ನೊಂದೂವರೆಯ ಬಸ್ಸು ಸಿಕ್ಕಿರಬೇಕು.

ಮರಿಲಿಂಗಮ್ಮ ವರಾಂಡದ ಬೆಂಚಿನಲ್ಲಿ ಕುಳಿತಿದ್ದಳು. ಒಪ್ಪಿಗೆ ಸಿಕ್ಕ ಸುದ್ದಿ ಬರುವವರೆಗೆ ಹುಣಸಗಿಗೆ ಹೋಗುವುದಿಲ್ಲ ಎಂದಿದ್ದಳು. ತೊಡೆಯ ಮೇಲೆ ಬುತ್ತಿ, ರೊಟ್ಟಿಯೊಳಗೆ ಪುಂಡಿಪಲ್ಯ. ಬುದ್ಧಪ್ರಿಯ ಎರಡು ಸಲ ಬಾಗಿಲವರೆಗೆ ಹೋಗಿ ವಾಪಸು ಬಂದ. ಮೂರನೆಯ ಸಲ ಅವಳೇ, "ಸರ್, ನಡದಾಡಿ ಕಾಲು ನೋಯ್ತಾವ, ಕುಂದರ್ರಿ," ಎಂದಳು. ಅವನು ಬೆಂಚಿನ ಇನ್ನೊಂದು ತುದಿಗೆ ಕುಳಿತ. ಎದುರಿಗೆ ಬೇವಿನ ಗಿಡದ ಕೆಳಗೆ ಹುಡುಗರು ಹಾಲ್ ಟಿಕೆಟಿಗೆ ಫೋಟೊ ಅಂಟಿಸುತ್ತಿದ್ದರು. ಅವನು ಒಮ್ಮೆಗೇ, ಯಾವ ಪೀಠಿಕೆಯೂ ಇಲ್ಲದೆ, "ಅಯ್ಯಪ್ಪ ಕಾಕಾನ ತಪ್ಪಿಲ್ಲ. ನಿನ್ನ ಅರ್ಜಿ ನನ್ನ ಕಡೆನ ಇತ್ತು," ಎಂದ.

"ಗೊತ್ತದ ರಿ," ಎಂದಳು ಅವಳು, ರೊಟ್ಟಿ ಮುರಿಯುತ್ತಾ. "ಫೋಟೊ ಹೊಡದ ಮ್ಯಾಲ ಬ್ಯಾಗಿನ ಜಿಪ್ಪು ಎಳದ್ರಿ. ಟಪಾಲಿಗಿ ಹಾಕೋರು ಬ್ಯಾಗಿನ್ಯಾಗ ಯಾಕ ಇಡ್ತಾರ? ಅವತ್ತ ಅನಸ್ತು. ಎರಡು ಸಲ ಕೇಳಾಕ ಬಂದೆ. ಬರಕೊಂಡೀನಿ, ಹೋಗು, ಅಂದ್ರಿ."

"ಮತ್ತ ಮೇಡಂ ಮುಂದ ಯಾಕ ಹೇಳ್ಲಿಲ್ಲ?"

"ಅವರು ಕೇಳಿದ್ದು ಬರಕೊಂಡ್ರಿಲ್ಲೋ ಅಂತ. ಅದಕ್ಕ ಉತ್ತರ ಕೊಟ್ಟೆ. ಉಳದದ್ದು ನೀವು ಹೇಳಬೇಕಿತ್ತು." ಅವಳು ಒಂದು ತುತ್ತು ನುಂಗಿದಳು. "ಇನ್ನೂ ಎರಡು ಸೆಮಿಸ್ಟರ್ ಅದಾವ ಸರ್ ನಂದು. ಎರಡೂ ಅರ್ಜಿ ನಿಮ್ಮ ಕೈಯಾಗ ಹಾದು ಹೋಗಬೇಕು. ನಿಮ್ಮ ಮ್ಯಾಲ ತಕ್ರಾರ ಹೇಳಿ ನಾ ಎಲ್ಲಿ ಹೋಗ್ಲಿ?"

"ಕಾಕಾಗ ಬೈಸಿದಂಗಾತಲ್ಲ."

"ಕಾಕಾಗ ಎಲ್ಲಾರೂ ಬೈತಾರ. ಇವತ್ತ ನಾನೂ ಬೈಸಿದೆ," ಎಂದಳು. ಅವಳ ದನಿಯಲ್ಲಿ ಅಳುಕಿಲ್ಲ, ಕ್ಷಮೆಯೂ ಇಲ್ಲ. "ರೊಟ್ಟಿ ತಿಂತೀರೇನ್ರಿ?" ಎಂದು ಕೇಳಿದಳು. ಅವನು ಬೇಡ ಎಂದ. ಲಕೋಟೆಗೆ ಅಂಟು ಹಚ್ಚುವಾಗ ಒಳಗೆ ಎಲ್ಲೋ ಚಿಗುರಿದ್ದ, ತಾನೊಂದು ದೊಡ್ಡ ಕೆಲಸ ಮಾಡಿದೆನೆಂಬ ಭಾವ ಈಗ ಹುಡುಕಿದರೂ ಸಿಗಲಿಲ್ಲ. ಅವಳಿಗೆ ಗೊತ್ತಿತ್ತು. ಮುಂಜಾನೆ ಮೇಡಂ ಕೋಣೆಯಲ್ಲಿ ಅವಳು ಕಾಣದ ಕಣ್ಣುಗಳನ್ನು ಅವನಿದ್ದ ಕಡೆಗೇ ನೆಟ್ಟು ನಿಂತಿದ್ದಳು. ಅವನು ಬಾಯಿ ತೆರೆದದ್ದು, ಮುಚ್ಚಿದ್ದು, ಬ್ಯಾಗು ಗೋಡೆಗೆ ತಾಗದಂತೆ ಸರಿದದ್ದು, ಎಲ್ಲ ಕೇಳಿಸಿಕೊಂಡಿರಬೇಕು.

ಮೂರೂ ಮುಕ್ಕಾಲಿಗೆ ಅಯ್ಯಪ್ಪನ ಫೋನು ಬಂತು. ಹಿಂದೆ ಯಾರೋ ಜೆರಾಕ್ಸ್ ಮಶೀನು ಓಡಿಸುತ್ತಿದ್ದರು. "ಒಪ್ಪಿಗಿ ಸಿಕ್ಕದ. ಆ ಹುಡುಗಿಗಿ ಹೇಳು, ಬುಧವಾರ ಬರೀಲಿ ಅಂತ." ಆಮೇಲೆ ಬರೀ ಮಶೀನಿನ ಸದ್ದು. ಬುದ್ಧಪ್ರಿಯ ಹಲೋ ಎಂದ. "ಸಮಜಾಯಿಷಿ ಸಾಹೇಬರ ಮುಂದ ಜೋರಾಗಿ ಓದಿದ್ರು," ಎಂದ ಅಯ್ಯಪ್ಪ. "ಕೆಳಗ ನಿನ್ನ ಹೆಸರು ಓದಿದ್ರಲ್ಲೋ."

"ಹೌದು ಕಾಕಾ."

"ಇಲ್ಲೆಲ್ಲಾರೂ ನನ್ನ ಮಾರಿ ನೋಡಿದ್ರು. ನೀವೇನ್ರಿ ಬುದ್ಧಪ್ರಿಯ ಅಂದ್ರು. ಅಲ್ಲ, ನಾ ಜವಾನ ಅಂದೆ." ಮಶೀನು ನಿಂತಿತು. "ಖರೇ ಗೊತ್ತಿತ್ತಲ್ಲ ನಿನಗ. ಮುಂಜಾನಿ ಅಷ್ಟೊತ್ತು ನನಗ ಅಲ್ಲಿ ಯಾಕ ನಿಂದರಿಸಿದಿ?"

ಫೋನು ಕಟ್ಟಾಯಿತು. ಬೆಂಚಿನ ಆ ತುದಿಯಿಂದ ಮರಿಲಿಂಗಮ್ಮ, "ಸಿಕ್ತೇನ್ರಿ?" ಎಂದಳು. ಸಿಕ್ಕಿತು ಎಂದ. ಅವಳು ಬುತ್ತಿ ಕಟ್ಟಿ, ಕೋಲು ಬಿಚ್ಚಿ, ನಾಳೆ ಬಂದು ಕಾಗದ ಒಯ್ಯುತ್ತೇನೆ ಎಂದು ಹುಣಸಗಿಯ ಬಸ್ಸಿಗೆ ಹೊರಟಳು. ಮೂರು ಮೆಟ್ಟಿಲು ಇಳಿಯುವ ಸದ್ದು ಕೇಳಿಸಿತು. ಅವನು ಅಲ್ಲೇ ಕುಳಿತು ನೀಲಿ ಆ್ಯಪು ತೆರೆದು, ಅಯ್ಯಪ್ಪ ಕಾಕಾಗೆ, ಎಂದು ಬರೆದ. ಮುಂದೆ ಯಾವ ಕ್ರಿಯಾಪದ ಹಾಕಬೇಕೆಂದು ತಿಳಿಯಲಿಲ್ಲ. ಯಾವಾಗ ನೆನಪಿಸಲಿ ಎಂದು ಅದು ಕೇಳಿತು: ಇವತ್ತು, ನಾಳೆ, ಮುಂದಿನ ವಾರ. ಅವನು ಬರೆದದ್ದನ್ನು ಅಳಿಸಿದ.

ಐದೂವರೆಗೆ ಸುರಪುರದ ಬಸ್ಸು ಬಂದು ನಿಂತು ಹೋಯಿತು. ಅವನು ಹತ್ತಲಿಲ್ಲ. ಷಹಾಪುರದ ಬಸ್ ನಿಲ್ದಾಣದ ಕಂಬಕ್ಕೆ ಒರಗಿ ಕಲಬುರಗಿ ಕಡೆಯಿಂದ ಬರುವ ಬಸ್ಸುಗಳನ್ನು ನೋಡುತ್ತಾ ನಿಂತ. ಅಯ್ಯಪ್ಪ ಯಾವ ಬಸ್ಸಿಗೆ ಬರುತ್ತಾನೆಂದು ಕೇಳಿರಲಿಲ್ಲ. ಕೇಳಿದ್ದರೂ ಹೇಳುತ್ತಿದ್ದನೋ ಇಲ್ಲವೋ. ಮೇಡಂ ಫೋನು ಮಾಡಿ, "ಹೆಸರು ನಿಕ್ಕಿ ಆತೇನ್ರಿ?" ಎಂದರು.

"ಮೇಡಂ, ಸಮಜಾಯಿಷಿ ನನ್ನ ಹೆಸರಿಲೆ ಹೋಗ್ಯದ್ರಿ. ಅರ್ಜಿ ಕಳಿಸದಿದ್ದವ ನಾನು. ಅಯ್ಯಪ್ಪನ ಕೈಗಿ ಅದು ಹೋಗಿರಲೇ ಇಲ್ಲ."

ಆ ಕಡೆ ಕಾರಿನ ಹಾರ್ನು ಕೇಳಿಸಿತು. "ನನ್ನ ಸಹಿ ಇದ್ದ ಲೆಟರ್‌ಹೆಡ್ಡಿನ ಮ್ಯಾಲ?" ಎಂದರು ಮೇಡಂ. ಹೌದು ಎಂದ. "ನಾಳಿ ಹತ್ತಕ್ಕ ನನ್ನ ಮುಂದ ಬರ್ರಿ. ಬ್ಯಾರೆ ಯಾರ ಮುಂದೂ ಮಾತಾಡಬ್ಯಾಡ್ರಿ." ಫೋನು ಇಟ್ಟರು. ನಾಳೆ ಹತ್ತಕ್ಕೆ ಎಂಬುದನ್ನು ಅವನು ಎಲ್ಲಿಯೂ ಬರೆದುಕೊಳ್ಳಲಿಲ್ಲ.

ಆರೂ ಕಾಲಿನ ಬಸ್ಸಿನಿಂದ ಅಯ್ಯಪ್ಪ ಇಳಿದ. ಟವೆಲು ಹೆಗಲಿಗೆ ಬಂದಿತ್ತು. ಬುದ್ಧಪ್ರಿಯನನ್ನು ಕಂಡು ಒಂದು ಕ್ಷಣ ನಿಂತ, ಆಮೇಲೆ ಹತ್ತಿರ ಬಂದು ಅಂಗಿಯ ಗುಂಡಿ ಬಿಚ್ಚಿ ಒಪ್ಪಿಗೆಯ ಲಕೋಟೆ ತೆಗೆದು ಕೊಟ್ಟ. ಅದು ಬೆವರಿಗೆ ಸ್ವಲ್ಪ ಒದ್ದೆಯಾಗಿತ್ತು.

"ಕಾಕಾ, ಚಹಾ ಕುಡಿಯೂಣು ಬಾ."

"ಬ್ಯಾಡ್ರಿ ಸರ್," ಎಂದ ಅಯ್ಯಪ್ಪ.

ಸುತ್ತ ಅವರ ಗುರುತಿನವರು ಯಾರೂ ಇರಲಿಲ್ಲ. ಬುದ್ಧಪ್ರಿಯ ಒಮ್ಮೆ ಹಿಂದಕ್ಕೆ ತಿರುಗಿ ನೋಡಿದ, ಯಾರಾದರೂ ಇದ್ದರೆ ಚೆನ್ನಾಗಿತ್ತು ಎಂಬಂತೆ. ಅಯ್ಯಪ್ಪ ಜೇಬಿನಿಂದ ಎರಡು ಟಿಕೆಟು ತೆಗೆದ, ಹೋದದ್ದು, ಬಂದದ್ದು. ಅವನ್ನು ಉದ್ದಕ್ಕೆ ನೀವಿ, ಮಡಿಕೆ ಬಿಡಿಸಿ, ಬುದ್ಧಪ್ರಿಯನ ಕೈಯಲ್ಲಿಟ್ಟ.

"ಇವು ನನ್ನ ತಂತಿಗಿ ಬ್ಯಾಡ. ನಿಮ್ಮ ಕಡೆ ಇರ್ಲಿ."

ಅವನು ರಸ್ತೆ ದಾಟಿ ತನ್ನ ಓಣಿಯ ಕಡೆ ನಡೆದ. ಬುದ್ಧಪ್ರಿಯ ಟಿಕೆಟುಗಳನ್ನು ಹಿಡಿದು ನಿಂತ. ಅಕ್ಷರ ಇನ್ನೂ ಕಪ್ಪಗಿತ್ತು, ಹೊತ್ತು, ತಾರೀಕು, ಊರಿಂದ ಊರಿಗೆ. ಎಲ್ಲಿಡಬೇಕೆಂದು ತಿಳಿಯದೆ ಬ್ಯಾಗಿನ ಹಿಂದಿನ ಜೇಬಿಗೆ ಕೈ ಹಾಕಿದ, ತೆಗೆದ. ಸುರಪುರದ ಮುಂದಿನ ಬಸ್ಸು ಬಂದಾಗ ಅವು ಮುಷ್ಟಿಯಲ್ಲೇ ಇದ್ದವು, ಮತ್ತು ಕಂಡಕ್ಟರ್ ಕೈ ಚಾಚಿ ಟಿಕೆಟ್ ಎಂದು ಕೇಳಿದಾಗ ಅವನು ಆ ಮುಷ್ಟಿ ಬಿಚ್ಚಲಿಲ್ಲ.